ಕ್ರಾಂತಿಗೆ ವೇಳಾಪಟ್ಟಿ ಇತ್ತೇ?

ಮಾರ್ಕ್ಸ್‌ವಾದವೆಂದರೆ ನಿಯತಿವಾದವೇ? ಕೃಷ್ಣೆಯ ದಡದ ವಿಜಯವಾಡ ಮತ್ತು ಕಡಲತಡಿಯ ವಿಶಾಖಪಟ್ಟಣದಲ್ಲಿ ಹುಡುಕಿದ ಉತ್ತರ ನಮ್ಮ ತೋರಣಗಲ್ಲಿನವರೆಗೂ ಬರುತ್ತದೆ.

ವಿಜಯವಾಡದ ಗವರ್ನರ್‌ಪೇಟೆಯಲ್ಲಿ ಒಂದು ವೃತ್ತಕ್ಕೆ ಲೆನಿನ್ ಸೆಂಟರ್ ಎಂದೇ ಹೆಸರು. ಲೆನಿನ್ ಪ್ರತಿಮೆಯ ಆಸುಪಾಸಿನಲ್ಲಿ ಹಳೆಯ ಪುಸ್ತಕಗಳ ಅಂಗಡಿಗಳು ಒತ್ತೊತ್ತಾಗಿ ನಿಂತಿವೆ. ಮೇಲೆ ಪ್ರವೇಶ ಪರೀಕ್ಷೆಯ ಗೈಡುಗಳು, ಪಂಚಾಂಗ, ವ್ಯಕ್ತಿತ್ವ ವಿಕಸನದ ಪುಸ್ತಕಗಳು. ರಾಶಿಯ ಅಡಿಯಲ್ಲೆಲ್ಲೋ ಸೋವಿಯತ್ ಕಾಲದಲ್ಲಿ ಅಚ್ಚಾದ ಮಾರ್ಕ್ಸ್, ಎಂಗೆಲ್ಸರ ತೆಲುಗು ಅನುವಾದಗಳು, ಯಾರದೋ ಅಜ್ಜ ಪೆನ್ಸಿಲಿನಲ್ಲಿ ಗೆರೆ ಎಳೆದು ಓದಿದವು.

ಕಮ್ಯುನಿಸ್ಟರ ಮಟ್ಟಿಗೆ ಇದು ಹತ್ತರೊಡನೆ ಹನ್ನೊಂದನೆಯ ಊರಲ್ಲ. ಅವಿಭಜಿತ ಸಿಪಿಐನ 6ನೇ ಮಹಾಧಿವೇಶನ 1961ರಲ್ಲಿ, ಸಿಪಿಎಂನ 11ನೆಯದು 1982ರಲ್ಲಿ, ಸಿಪಿಐನ 24ನೆಯದು 2022ರಲ್ಲಿ ಇಲ್ಲೇ ನಡೆದವು. ಸಿಪಿಎಂನ 21ನೇ ಮಹಾಧಿವೇಶನ 2015ರಲ್ಲಿ ವಿಶಾಖಪಟ್ಟಣದಲ್ಲಿ ಸೇರಿ ಸೀತಾರಾಂ ಯೆಚೂರಿಯವರನ್ನು ಪ್ರಧಾನ ಕಾರ್ಯದರ್ಶಿಯಾಗಿ ಆರಿಸಿತು.

ಬಂಡವಾಳಶಾಹಿ ಕುಸಿದೇ ಕುಸಿಯುತ್ತದೆ, ಸಮಾಜವಾದ ಬಂದೇ ಬರುತ್ತದೆ ಎಂಬ ಮಾತನ್ನು ಈ ಊರುಗಳ ಮೈದಾನಗಳು ಮೂರು ತಲೆಮಾರು ಕೇಳಿವೆ. ಬಂದೇ ಬರುವುದಾದರೆ ಅದಕ್ಕಾಗಿ ಜೈಲಿಗೆ ಹೋಗಬೇಕೇಕೆ, ಗುಂಡಿಗೆ ಎದೆಯೊಡ್ಡಬೇಕೇಕೆ? ಬರದೆಯೂ ಹೋಗಬಹುದು ಎನ್ನುವುದಾದರೆ ಅದನ್ನು ವಿಜ್ಞಾನವೆಂದು ಕರೆದದ್ದು ಹೇಗೆ? ಮಾರ್ಕ್ಸ್‌ವಾದವನ್ನು ಒಪ್ಪುವವರನ್ನೂ ಒಪ್ಪದವರನ್ನೂ ಒಂದೂವರೆ ಶತಮಾನದಿಂದ ಬಿಡದೆ ಕಾಡಿದ ಪ್ರಶ್ನೆ ಇದು.

ಎರಡು ದನಿಯ ಮಾರ್ಕ್ಸ್

ಮುಂದೆ ಆಗುವುದೆಲ್ಲ ಈಗಿರುವ ಕಾರಣಗಳಿಂದಲೇ ತೀರ್ಮಾನವಾಗಿಬಿಟ್ಟಿದೆ, ಮನುಷ್ಯರ ಆಯ್ಕೆಗೆ ಅಲ್ಲಿ ಹೆಚ್ಚಿನ ಕೆಲಸವಿಲ್ಲ ಎನ್ನುವ ನಿಲುವು ನಿಯತಿವಾದ. ಮಾರ್ಕ್ಸ್ ಮೇಲೆ ಈ ಆರೋಪ ಬರಲು ದೊಡ್ಡ ಕಾರಣ, ಅವನು 1859ರಲ್ಲಿ ಅರ್ಥಶಾಸ್ತ್ರದ ಒಂದು ಗ್ರಂಥಕ್ಕೆ ಬರೆದ ಪುಟ್ಟ ಮುನ್ನುಡಿ. ಜನ ಹೇಗೆ ದುಡಿಯುತ್ತಾರೆ, ದುಡಿಮೆಯ ಸಾಧನಗಳು ಯಾರ ಕೈಯಲ್ಲಿವೆ ಎಂಬುದು ಸಮಾಜದ ತಳಪಾಯ. ಕಾನೂನು, ರಾಜಕೀಯ, ಧರ್ಮ, ಕಲೆ ಎಲ್ಲ ಅದರ ಮೇಲಿನ ಕಟ್ಟಡ. ಉತ್ಪಾದನೆಯ ಶಕ್ತಿಗಳು ಬೆಳೆದು ಹಳೆಯ ಒಡೆತನದ ಕಟ್ಟಿಗೆ ಡಿಕ್ಕಿ ಹೊಡೆದಾಗ ಕ್ರಾಂತಿಯ ಕಾಲ ಬರುತ್ತದೆ ಎಂದು ಅಲ್ಲಿ ಹೇಳಿದ್ದಾನೆ. 1867ರ ‘ಬಂಡವಾಳ’ದ ಮುನ್ನುಡಿಯಲ್ಲಂತೂ, ಕೈಗಾರಿಕೆಯಲ್ಲಿ ಮುಂದಿರುವ ದೇಶ ಹಿಂದುಳಿದ ದೇಶಕ್ಕೆ ಅದರ ನಾಳೆಯನ್ನೇ ತೋರಿಸುತ್ತದೆ ಎಂಬರ್ಥದ ಮಾತಿದೆ. ಇವೆರಡನ್ನೇ ಓದಿದವರಿಗೆ ಮಾರ್ಕ್ಸ್ ನಿಯತಿವಾದಿಯಾಗಿ ಕಂಡರೆ ಅದು ಓದಿದವರ ತಪ್ಪಲ್ಲ.

ಆದರೆ 1852ರಲ್ಲಿ, ಫ್ರಾನ್ಸಿನಲ್ಲಿ ಲೂಯಿ ಬೊನಪಾರ್ಟ್ ಅಧಿಕಾರ ಕಸಿದುಕೊಂಡ ಬಗೆಯನ್ನು ವಿವರಿಸಲು ಹೊರಟ ಮಾರ್ಕ್ಸ್ ಬೇರೆಯೇ ದನಿಯಲ್ಲಿ ಮಾತಾಡುತ್ತಾನೆ. ಅಲ್ಲಿ ಚರಿತ್ರೆಯನ್ನು ಮನುಷ್ಯರೇ ಮಾಡುತ್ತಾರೆ, ತಾವು ಆರಿಸಿಕೊಳ್ಳದ ಪರಿಸ್ಥಿತಿಯಲ್ಲಿ ನಿಂತು ಮಾಡುತ್ತಾರೆ. ಕಾರ್ಮಿಕ ವರ್ಗದ ಗೆಲುವು ಅನಿವಾರ್ಯವೆಂದು ಸಾರುವ 1848ರ ಕಮ್ಯುನಿಸ್ಟ್ ಪ್ರಣಾಳಿಕೆ ಕೂಡ ತನ್ನ ಮೊದಲ ಪುಟಗಳಲ್ಲೇ, ಹೋರಾಡುವ ಎರಡೂ ವರ್ಗಗಳು ಒಟ್ಟಿಗೆ ನಾಶವಾಗುವ ಸಾಧ್ಯತೆಯನ್ನು ಒಪ್ಪಿಕೊಂಡಿದೆ.

ನನ್ನ ಪಾಲಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಮುದಿ ಮಾರ್ಕ್ಸ್ ಬರೆದ ಒಂದು ಪುಟ್ಟ ಕಾಗದ. ರಷ್ಯಾದ ಕ್ರಾಂತಿಕಾರಿ ವೇರಾ ಜಸುಲಿಚ್ 1881ರಲ್ಲಿ ಅವನಿಗೆ ಪತ್ರ ಬರೆದು, ನಮ್ಮ ಹಳ್ಳಿಗಳ ಸಾಮೂಹಿಕ ಭೂ ಒಡೆತನ ನಾಶವಾಗಿ ಬಂಡವಾಳಶಾಹಿ ಬರುವವರೆಗೆ ನಾವು ಕಾದು ಕೂರಬೇಕೇ ಎಂದು ಕೇಳಿದಳು. ಮಾರ್ಕ್ಸ್ ಕರಡಿನ ಮೇಲೆ ಕರಡು ಬರೆದು ಹೊಡೆದುಹಾಕಿದ. ಕಡೆಗೆ ಮಾರ್ಚ್ 8ರಂದು ಕಳಿಸಿದ ಚಿಕ್ಕ ಉತ್ತರದಲ್ಲಿ, ತಾನು ಹೇಳಿದ ಚಾರಿತ್ರಿಕ ಅನಿವಾರ್ಯತೆ ಪಶ್ಚಿಮ ಯುರೋಪಿನ ದೇಶಗಳಿಗಷ್ಟೇ ಸೀಮಿತ ಎಂದ. ರಷ್ಯಾದ ಹಳ್ಳಿ ಬೇರೆ ದಾರಿ ಹಿಡಿಯಬಹುದಿತ್ತು ಎಂದಾಯಿತು. ಈ ಪತ್ರ ಮತ್ತು ಅದರ ಕರಡುಗಳು ಅಚ್ಚಾದದ್ದು 1924ರಲ್ಲಿ. ಅಷ್ಟರೊಳಗೆ ಲೋಕದ ಎರಡು ತಲೆಮಾರಿನ ಸಮಾಜವಾದಿಗಳು 1859ರ ಮುನ್ನುಡಿಯನ್ನೇ ಇಡೀ ಮಾರ್ಕ್ಸ್‌ವಾದವೆಂದು ಕಲಿತು, ಕಲಿಸಿ ಆಗಿತ್ತು.

ಕಾರ್ಖಾನೆ ಅಲ್ಲಿ, ಕೆಂಬಾವುಟ ಇಲ್ಲಿ

ಈಗ ಆ ಮುನ್ನುಡಿಯೊಂದನ್ನೇ ಕೈಯಲ್ಲಿ ಹಿಡಿದು ಆಂಧ್ರದ ಭೂಪಟ ನೋಡೋಣ. ವಿಶಾಖಪಟ್ಟಣದ ಬಂದರು 1933ರಲ್ಲಿ ತೆರೆಯಿತು. 1941ರಲ್ಲಿ ಸಿಂಧಿಯಾ ಕಂಪನಿಯ ಹಡಗುಕಟ್ಟೆಗೆ ಅಡಿಗಲ್ಲು ಬಿತ್ತು. ಅಲ್ಲಿ ಕಟ್ಟಿದ ‘ಜಲ ಉಷಾ’ ಹಡಗನ್ನು 1948ರಲ್ಲಿ ನೆಹರೂ ನೀರಿಗಿಳಿಸಿದರು. ಹಮಾಲಿಗಳು, ಬೆಸುಗೆಯವರು, ರೈಲ್ವೆ ನೌಕರರು ಸೇರಿ ಅಪ್ಪಟ ಕಾರ್ಮಿಕರ ಪಟ್ಟಣ ಬೆಳೆಯಿತು. ಲೆಕ್ಕದ ಪ್ರಕಾರ ಆಂಧ್ರದ ಕೆಂಪು ರಾಜಧಾನಿ ಇದೇ ಆಗಬೇಕಿತ್ತು.

ಆದದ್ದು ವಿಜಯವಾಡ. ಅದರ ಹಿಂದಿದ್ದುದು ಕೃಷ್ಣಾ ನದಿಮುಖಜ ಭೂಮಿಯ ಭತ್ತದ ಗದ್ದೆ. ಆಗ ಬೆಜವಾಡವೆನಿಸಿದ್ದ ಈ ಊರಲ್ಲಿ ಕೃಷ್ಣೆಗೆ ಅಡ್ಡಲಾಗಿ ಆಣೆಕಟ್ಟಿನ ಕೆಲಸ 1852ರಲ್ಲಿ ಶುರುವಾಗಿ 1855ರಲ್ಲಿ ಮುಗಿಯಿತು. ಅದೇ ಹೊತ್ತಿಗೆ, 1853ರಲ್ಲಿ, ಮಾರ್ಕ್ಸ್ ಲಂಡನ್ನಿನಲ್ಲಿ ಕುಳಿತು ನ್ಯೂಯಾರ್ಕಿನ ಪತ್ರಿಕೆಯೊಂದಕ್ಕೆ ಭಾರತದ ಬಗ್ಗೆ ಬರೆಯುತ್ತ, ಬ್ರಿಟಿಷರು ಇಲ್ಲಿನ ನೀರಾವರಿಯನ್ನು ಕಡೆಗಣಿಸಿ ಬೇಸಾಯವನ್ನು ಹಾಳುಮಾಡಿದರೆಂದು ದೂರುತ್ತಿದ್ದ. ಬೆಜವಾಡದ ಕಾಲುವೆಗಳು ಹರಿದ ಮೇಲೆ ಆ ಮಣ್ಣು ಬಂಗಾರವಾಯಿತು. ಎರಡು ಮೂರು ತಲೆಮಾರಿನಲ್ಲಿ ಸ್ವಂತ ಭೂಮಿಯ, ಕೈಯಲ್ಲಿ ಕಾಸಿರುವ, ಮಕ್ಕಳನ್ನು ಕಾಲೇಜಿಗೆ ಕಳಿಸುವ ರೈತ ಮನೆತನಗಳು ಎದ್ದು ನಿಂತವು. ಆಂಧ್ರದ ಕಮ್ಯುನಿಸ್ಟ್ ನಾಯಕರಲ್ಲಿ ಬಹುಮಂದಿ ಬಂದದ್ದು ಇಂಥ ಮನೆಗಳಿಂದ. ಸಿಪಿಐಗೆ 1964ರಿಂದ 1990ರವರೆಗೆ ಪ್ರಧಾನ ಕಾರ್ಯದರ್ಶಿಯಾಗಿದ್ದ ಚಂಡ್ರ ರಾಜೇಶ್ವರರಾವ್ ಕೃಷ್ಣಾ ಜಿಲ್ಲೆಯವರು, ಮಾಕಿನೇನಿ ಬಸವಪುನ್ನಯ್ಯ ಗುಂಟೂರು ಸೀಮೆಯವರು.

ಪುಚ್ಚಲಪಲ್ಲಿ ಸುಂದರಯ್ಯನವರದಂತೂ ನೆಲ್ಲೂರು ಜಿಲ್ಲೆಯ ಜಮೀನ್ದಾರಿಕೆಯ ರೆಡ್ಡಿ ಮನೆತನ. ಹೆಸರಿನ ಬಾಲದಲ್ಲಿದ್ದ ಜಾತಿಯನ್ನು ಕಿತ್ತುಹಾಕಿ, 1964ರಲ್ಲಿ ಸಿಪಿಎಂ ಹುಟ್ಟಿದಾಗ ಅದರ ಮೊದಲ ಪ್ರಧಾನ ಕಾರ್ಯದರ್ಶಿಯಾದರು. ಬಳ್ಳಾರಿಯ ಪಕ್ಕದ ಅನಂತಪುರದಲ್ಲಿ 1952ರ ಚುನಾವಣೆಯಲ್ಲಿ ಕಮ್ಯುನಿಸ್ಟ್ ತರಿಮೆಲ ನಾಗಿರೆಡ್ಡಿ ಸೋಲಿಸಿದ್ದು ತಮ್ಮ ಸೋದರಿಯ ಗಂಡನನ್ನೇ. ಮುಂದೆ ರಾಷ್ಟ್ರಪತಿಯಾದ ನೀಲಂ ಸಂಜೀವರೆಡ್ಡಿಯವರನ್ನು. ಒಂದೇ ನೆಂಟಸ್ತಿಕೆ, ಒಂದೇ ಬಗೆಯ ಜಮೀನು, ಎರಡು ಬಾವುಟ. ಹುಟ್ಟಿದ ವರ್ಗವೇ ಮನುಷ್ಯನ ರಾಜಕೀಯವನ್ನು ಬರೆದಿಡುತ್ತದೆ ಎನ್ನುವವರು ಇವರ ಬದುಕಿಗೆ ಲೆಕ್ಕ ಕೊಡಬೇಕಾಗುತ್ತದೆ.

ನಮ್ಮಲ್ಲೂ ಹೀಗೇ ಆಗಿದೆ. ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಕಾರ್ಮಿಕರು 1980–81ರಲ್ಲಿ 77 ದಿನ ಮುಷ್ಕರ ಹೂಡಿದ್ದರು. ಆದರೆ 1994 ಮತ್ತು 2004ರಲ್ಲಿ ಸಿಪಿಎಂ ಶಾಸಕನನ್ನು ಆರಿಸಿದ್ದು ಆಂಧ್ರದ ಗಡಿಯ ಬರಡು ನೆಲ ಬಾಗೇಪಲ್ಲಿ. ನಿರಂಜನರ ‘ಚಿರಸ್ಮರಣೆ’ ಕಾದಂಬರಿಗೆ ವಸ್ತುವಾದ ಕಾಸರಗೋಡು ಸೀಮೆಯ ಕಯ್ಯೂರೂ ರೈತರ ಊರೇ.

ಒಂದೇ ರೈಲು, ಮೂರು ಓದು

ಅದೇ 1853ರಲ್ಲಿ ಮಾರ್ಕ್ಸ್ ಇನ್ನೊಂದು ಮಾತು ಬರೆದಿದ್ದ: ರೈಲು ಬಂದರೆ ಭಾರತದಲ್ಲಿ ಆಧುನಿಕ ಕೈಗಾರಿಕೆ ಬರುತ್ತದೆ, ಕೈಗಾರಿಕೆ ಬಂದರೆ ಜಾತಿಗೆ ಆಧಾರವಾದ ವಂಶಪಾರಂಪರ್ಯ ಕಸುಬಿನ ವಿಭಜನೆ ಕರಗುತ್ತದೆ. ರೈಲು ಬಂತು. ವಿಜಯವಾಡ ದೇಶದ ಅತಿ ದಟ್ಟಣೆಯ ಜಂಕ್ಷನ್ನುಗಳಲ್ಲಿ ಒಂದಾಯಿತು. ಜಾತಿ ಕರಗಲಿಲ್ಲ, ಅದೂ ಟಿಕೆಟ್ ತೆಗೆದುಕೊಂಡು ಹತ್ತಿತು.

ಸುಮಾರು ನೂರು ವರ್ಷದ ನಂತರ ಅದೇ ರೈಲನ್ನು ಇನ್ನೊಬ್ಬರು ಬೇರೆ ಬಗೆಯಲ್ಲಿ ಓದಿದರು. 1948ರಲ್ಲಿ ಸಿಪಿಐ ನಾಯಕತ್ವ ಬಿ.ಟಿ. ರಣದಿವೆಯವರ ಕೈಗೆ ಬಂದಿತ್ತು. ಬಂಡವಾಳಶಾಹಿ ಬಿಕ್ಕಟ್ಟು ಹಣ್ಣಾಗಿದೆ, ನಗರದ ಕಾರ್ಮಿಕರು ಎದ್ದರೆ ದೇಶವೇ ಏಳುತ್ತದೆ ಎಂಬುದು ಅವರ ನಂಬಿಕೆ. ಅದರಂತೆ 1949ರ ಮಾರ್ಚ್ 9ಕ್ಕೆ ಅಖಿಲ ಭಾರತ ರೈಲ್ವೆ ಮುಷ್ಕರದ ಕರೆ ಹೋಯಿತು. ರೈಲುಗಳು ಓಡಿದವು. ಮುಷ್ಕರ ನೆಲಕಚ್ಚಿತು.

ಪಕ್ಷದ ಆಂಧ್ರ ಸಮಿತಿಯವರು ಇದಕ್ಕೆ ಮೊದಲೇ, 1948ರಲ್ಲಿ, ಬೇರೆ ದಾರಿ ಹೇಳಿದ್ದರು. ‘ಆಂಧ್ರ ಪ್ರಬಂಧ’ ಎಂದು ಕರೆಯುವ ಆ ಬರಹದ ಸಾರ ಇಷ್ಟು: ಭಾರತ ರಷ್ಯಾದ ಹಾಗಿಲ್ಲ, ಚೀನಾದ ಹಾಗಿದೆ, ರೈತರ ನೆಲದಿಂದ ಶುರುಮಾಡಬೇಕು. ಹೈದರಾಬಾದ್ ಸಂಸ್ಥಾನದ ತೆಲಂಗಾಣದಲ್ಲಿ 1946ರಿಂದ ನಡೆದಿದ್ದ ಸಶಸ್ತ್ರ ರೈತ ಹೋರಾಟ ಅವರ ಕಣ್ಣೆದುರಿಗಿತ್ತು, ಅದಕ್ಕೆ ಬೆನ್ನಾಗಿ ನಿಂತದ್ದೂ ಇದೇ ಕರಾವಳಿ ಜಿಲ್ಲೆಗಳು. ಪುಸ್ತಕಕ್ಕಿಂತ ಮುಂಚೆ ನೆಲ ನೋಡಿದವರ ಮಾತು ಅದು. ರಣದಿವೆ ಅದನ್ನು ಕಟುವಾಗಿ ತಳ್ಳಿಹಾಕಿದರು. ಆದರೂ 1950ರಲ್ಲಿ ರಾಜೇಶ್ವರರಾವ್ ಅವರೇ ಪಕ್ಷದ ಪ್ರಧಾನ ಕಾರ್ಯದರ್ಶಿಯಾದರು.

ಮೂರನೆಯ ಓದು ಮಾಸ್ಕೋದ್ದು. 1951ರ ಆರಂಭದಲ್ಲಿ ಪಕ್ಷದ ನಾಯಕರಾದ ರಾಜೇಶ್ವರರಾವ್, ಬಸವಪುನ್ನಯ್ಯ, ಅಜಯ್ ಘೋಷ್, ಡಾಂಗೆ ಗುಟ್ಟಾಗಿ ಹೋಗಿ ಸ್ಟಾಲಿನ್‌ನನ್ನು ಕಂಡರು. ಚೀನಾದ ದಾರಿಯೂ ಹಾಗೇ ಇಲ್ಲಿಗೆ ಹೊಂದುವುದಿಲ್ಲ ಎಂಬ ನಿಲುವಿನೊಂದಿಗೆ ವಾಪಸಾದರು. ಚೀನಾದ ಗೆರಿಲ್ಲಾಗಳಿಗೆ ಸೋವಿಯತ್ ನೆಲ ಬೆನ್ನಿಗಿತ್ತು, ಇಲ್ಲಿ ಅಂಥದ್ದಿಲ್ಲ. ಭಾರತದಲ್ಲಿ ಸರ್ಕಾರದ ಸೈನ್ಯವನ್ನು ಬೇಗ ಸಾಗಿಸುವ ಸಂಪರ್ಕ ಜಾಲವಿದೆ. ಆ ಜಾಲವೆಂದರೆ ಮುಖ್ಯವಾಗಿ ರೈಲು. ಅದೇ ವರ್ಷ ಅಕ್ಟೋಬರಿನಲ್ಲಿ ತೆಲಂಗಾಣದ ಹೋರಾಟವನ್ನು ಹಿಂತೆಗೆದುಕೊಳ್ಳಲಾಯಿತು.

ಒಂದೇ ಕಬ್ಬಿಣದ ಹಳಿ ಮಾರ್ಕ್ಸ್‌ಗೆ ಜಾತಿಯ ಅಂತ್ಯ, ರಣದಿವೆಗೆ ಕ್ರಾಂತಿಯ ಆರಂಭ, 1951ರ ನೀತಿಗೆ ಕ್ರಾಂತಿಯ ಅಡ್ಡಿ. ತಳಪಾಯ ತಾನಾಗಿಯೇ ತನ್ನ ಪರಿಣಾಮವನ್ನು ಹೇಳುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಸಿಕ್ಕಿಲ್ಲ.

1955ರ ಪೆಟ್ಟು

ಮದ್ರಾಸ್ ವಿಧಾನಸಭೆಗೆ 1952ರಲ್ಲಿ ನಡೆದ ಚುನಾವಣೆಯಲ್ಲಿ ಆಂಧ್ರ ಭಾಗದಿಂದ 41 ಕಮ್ಯುನಿಸ್ಟರು ಗೆದ್ದಿದ್ದರು. 1953ರಲ್ಲಿ ಆಂಧ್ರ ರಾಜ್ಯವಾಯಿತು. ಮುಖ್ಯಮಂತ್ರಿ ಪ್ರಕಾಶಂ ಅವರ ಸರ್ಕಾರ ಉರುಳಿ 1955ರಲ್ಲಿ ಮತ್ತೆ ಚುನಾವಣೆ ಬಂದಾಗ, ಮುಂದಿನ ಸರ್ಕಾರ ತಮ್ಮದೇ ಎಂಬ ಧೈರ್ಯ ಪಕ್ಷದಲ್ಲಿತ್ತು. ಫಲಿತಾಂಶ ಬಂದಾಗ 196 ಸ್ಥಾನಗಳಲ್ಲಿ ಅವರಿಗೆ ದಕ್ಕಿದ್ದು 15. ಮತಗಳು ಮಾತ್ರ ಸುಮಾರು ಶೇಕಡಾ 31 ಇದ್ದವು.

ಸೋಲಿನ ಕಾರಣಗಳು ಹಲವು. ಎನ್.ಜಿ. ರಂಗಾ ಅವರ ಕೃಷಿಕಾರ್ ಲೋಕ ಪಕ್ಷವೂ ಸೇರಿದಂತೆ ಎದುರಾಳಿಗಳನ್ನೆಲ್ಲ ಕಾಂಗ್ರೆಸ್ ಒಂದೇ ರಂಗಕ್ಕೆ ತಂದಿತು. ಕಮ್ಯುನಿಸ್ಟರು ಬಂದರೆ ಭೂಮಿ ಹೋಗುತ್ತದೆ ಎಂಬ ಭಯ ರೈತರಲ್ಲಿ ಹಬ್ಬಿತು. ಮತದಾನದ ಹೊಸ್ತಿಲಲ್ಲಿ ಸೋವಿಯತ್ ಪಕ್ಷದ ಮುಖವಾಣಿ ‘ಪ್ರಾವ್ದಾ’ ನೆಹರೂ ಅವರ ವಿದೇಶಾಂಗ ನೀತಿಯನ್ನು ಹೊಗಳಿತು, ಕಾಂಗ್ರೆಸ್ಸಿನವರು ಅದನ್ನೇ ಅಚ್ಚುಹಾಕಿಸಿ ಹಂಚಿದರು. ಮೈತ್ರಿ, ಭಯ, ಮಾಸ್ಕೋದ ಒಂದು ಸಂಪಾದಕೀಯ: ಮೂರೂ ಮೇಲ್ಕಟ್ಟಡದ ವಿಷಯಗಳೇ. ಚುನಾವಣೆಯನ್ನು ತಿರುಗಿಸಿದ್ದು ಅವೇ.

ಜಾತಿ ಎಂಬ ಪರೀಕ್ಷೆ

ಮರುವರ್ಷ ಅಮೆರಿಕದ ಪತ್ರಕರ್ತ ಸೆಲಿಗ್ ಹ್ಯಾರಿಸನ್ ಆಂಧ್ರ ಕಮ್ಯುನಿಸ್ಟರು ಮತ್ತು ಜಾತಿಯ ಬಗ್ಗೆ ಪ್ರಬಂಧವೊಂದನ್ನು ಪ್ರಕಟಿಸಿದ. ಕಮ್ಯುನಿಸ್ಟ್ ನಾಯಕತ್ವದ ಬೇರು ಕಮ್ಮ ಜಾತಿಯಲ್ಲಿದೆ, ಕಾಂಗ್ರೆಸ್ಸಿನದು ರೆಡ್ಡಿಗಳಲ್ಲಿದೆ, ವರ್ಗ ಹೋರಾಟವೆಂದು ಕಾಣುವುದರ ಒಳಗೆ ಜಾತಿಗಳ ಪೈಪೋಟಿ ಇದೆ ಎಂಬುದು ಅವನ ವಾದ. ಇಂದಿಗೂ ಅದು ಚರ್ಚೆಯಲ್ಲಿದೆ, ಅದರಲ್ಲಿ ಸತ್ಯದ ಅಂಶವೂ ಇದೆ. ಆದರೆ ಹ್ಯಾರಿಸನ್ ವರ್ಗವನ್ನು ತೆಗೆದು ಆ ಜಾಗದಲ್ಲಿ ಜಾತಿಯನ್ನು ಕೂರಿಸಿದ, ಯಂತ್ರ ಹಳೆಯದೇ ಉಳಿಯಿತು. ಸುಂದರಯ್ಯ, ನಾಗಿರೆಡ್ಡಿ ಆ ಯಂತ್ರದಲ್ಲಿ ಹಿಡಿಸುವವರಲ್ಲ.

ಅಂಬೇಡ್ಕರರ ಟೀಕೆ ಇನ್ನೂ ಆಳಕ್ಕೆ ಹೋಗುತ್ತದೆ. ‘ಜಾತಿ ವಿನಾಶ’ದಲ್ಲಿ ಅವರು 1936ರಲ್ಲೇ ಸಮಾಜವಾದಿಗಳನ್ನು ಕೇಳಿದ್ದರು: ಜಾತಿ ದುಡಿಮೆಯನ್ನಷ್ಟೇ ವಿಭಜಿಸಿಲ್ಲ, ದುಡಿಯುವವರನ್ನೇ ಮೇಲುಕೀಳಾಗಿ ವಿಭಜಿಸಿದೆ, ಅದನ್ನು ಮೊದಲು ಎದುರಿಸದೆ ಯಾವ ಆರ್ಥಿಕ ಕ್ರಾಂತಿ ಮಾಡುತ್ತೀರಿ? ಬುದ್ಧ ಮತ್ತು ಮಾರ್ಕ್ಸ್ ಕುರಿತ ತಮ್ಮ ಕೊನೆಗಾಲದ ಬರಹದಲ್ಲಿ, ರಷ್ಯಾದ ಕ್ರಾಂತಿ ಅನಿವಾರ್ಯವಾಗಿ ತಾನೇ ಬಂದದ್ದಲ್ಲ, ಮನುಷ್ಯರು ಯೋಜನೆ ಹಾಕಿ, ರಕ್ತ ಸುರಿಸಿ ತಂದದ್ದು, ಅಲ್ಲಿಗೆ ಅನಿವಾರ್ಯತೆಯ ವಾದ ಬಿದ್ದುಹೋಯಿತು ಎಂದರು. ಆಂಧ್ರದ ಪಕ್ಷಗಳು ಈ ಮಾತನ್ನು ಬಹುಕಾಲ ಕಿವಿಗೆ ಹಾಕಿಕೊಳ್ಳಲಿಲ್ಲ. ಕೃಷ್ಣಾ ಗದ್ದೆಗಳಲ್ಲಿ ದುಡಿದ ದಲಿತ ಕೂಲಿಗಳು ಅವರ ಸಂಘಗಳಲ್ಲಿದ್ದರು, ನಾಯಕತ್ವದಲ್ಲಿ ವಿರಳ. ತಳಪಾಯ ಬದಲಾದರೆ ಜಾತಿ ತಾನೇ ಹೋಗುತ್ತದೆ ಎಂಬ ನಂಬಿಕೆ ಆ ತಪ್ಪಿಗೆ ನೆರಳು ಕೊಟ್ಟಿತು. ನಿಯತಿವಾದದಿಂದ ಆದ ಅತಿ ದೊಡ್ಡ ಹಾನಿ ಇದೇ ಎಂದು ನನ್ನ ತೀರ್ಮಾನ.

ತೋರಣಗಲ್ಲಿಗೆ ಬಾರದ ಉಕ್ಕು

ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ಕಥೆಯಲ್ಲಿ ನಮಗೂ ಪಾಲಿದೆ. ದಕ್ಷಿಣಕ್ಕೊಂದು ಉಕ್ಕಿನ ಕಾರ್ಖಾನೆ ಎಂಬ ಮಾತು 1960ರ ದಶಕದಲ್ಲಿ ಎದ್ದಾಗ ವಿಶಾಖ, ಹೊಸಪೇಟೆ, ಸೇಲಂ ಮೂರೂ ಪೈಪೋಟಿಗೆ ನಿಂತವು. ತಜ್ಞರು ವಿಶಾಖಪಟ್ಟಣದತ್ತ ಒಲವು ತೋರಿದರೂ ಕೇಂದ್ರ ಹಿಂದೆಮುಂದೆ ನೋಡಿತು. 1966ರ ಅಕ್ಟೋಬರಿನಲ್ಲಿ ಟಿ. ಅಮೃತರಾವ್ ಎಂಬವರು ಕಾರ್ಖಾನೆಗಾಗಿ ಉಪವಾಸ ಕೂತರು. ವಿಶಾಖ ಉಕ್ಕು ಆಂಧ್ರರ ಹಕ್ಕು ಎಂಬ ಕೂಗು ರಾಜ್ಯವಿಡೀ ಹಬ್ಬಿತು. ನವೆಂಬರ್ 1ರಂದು ವಿಶಾಖಪಟ್ಟಣದಲ್ಲಿ ಗೋಲಿಬಾರ್ ಆಯಿತು. ಆ ಚಳವಳಿಯಲ್ಲಿ ಒಟ್ಟು 32 ಜನ ಪ್ರಾಣ ಕಳೆದುಕೊಂಡರೆಂದು ಆಂಧ್ರ ನೆನೆಯುತ್ತದೆ. ಕಮ್ಯುನಿಸ್ಟರೂ ಸೇರಿ ವಿರೋಧ ಪಕ್ಷಗಳ ಶಾಸಕರು ರಾಜೀನಾಮೆ ಕೊಟ್ಟರು. 1970ರ ಏಪ್ರಿಲ್ 17ರಂದು ಇಂದಿರಾ ಗಾಂಧಿ ಸಂಸತ್ತಿನಲ್ಲಿ ಮೂರೂ ಊರುಗಳಿಗೆ ಒಂದೊಂದು ಕಾರ್ಖಾನೆ ಘೋಷಿಸಿದರು.

ಇಲ್ಲಿ ಮುನ್ನುಡಿಯ ಚಿತ್ರ ತಲೆಕೆಳಗಾಗಿದೆ. ಭಾಷೆಯ ಅಭಿಮಾನ, ವಿದ್ಯಾರ್ಥಿಗಳ ಸಿಟ್ಟು, ಪಕ್ಷಗಳ ಲೆಕ್ಕಾಚಾರ ಸೇರಿ ಕುಲುಮೆಯನ್ನು ತಂದವು. ಮೇಲ್ಕಟ್ಟಡ ತಳಪಾಯವನ್ನು ಕಟ್ಟಿತು. ಹಾಗೆಂದು ಕೂಗೊಂದರಿಂದಲೇ ಕಾರ್ಖಾನೆ ಬರುವುದಿಲ್ಲ. ಬಂದರು ಇಲ್ಲದಿದ್ದರೆ, ಬೈಲಾಡಿಲದ ಗಣಿಗಳ ಅದಿರನ್ನು ಕಡಲಿಗೆ ತರುವ ರೈಲು ಹಾದಿ ಇಲ್ಲದಿದ್ದರೆ ಆ ಉಪವಾಸಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಈಗ ಹೊಸಪೇಟೆಯ ಪಾಲಿನದನ್ನು ನೋಡಿ. ಅದಿರಿನ ಗುಡ್ಡ ಮನೆಯ ಹಿತ್ತಲಲ್ಲೇ ಇರುವ ತೋರಣಗಲ್ಲಿನಲ್ಲಿ ವಿಜಯನಗರ ಉಕ್ಕಿನ ಕಾರ್ಖಾನೆಗೆ 1971ರಲ್ಲಿ ಅಡಿಗಲ್ಲು ಬಿತ್ತು. ಸರ್ಕಾರದ ಕಾರ್ಖಾನೆ ಏಳಲೇ ಇಲ್ಲ. ವಿಶಾಖದ ಕಾರ್ಖಾನೆ 1992ರಲ್ಲಿ ದೇಶಕ್ಕೆ ಸಮರ್ಪಣೆಯಾಯಿತು. ತೋರಣಗಲ್ಲಿಗೆ ಉಕ್ಕು ಬಂದದ್ದು 1994ರಲ್ಲಿ ಸ್ಥಾಪನೆಯಾದ ಜಿಂದಾಲ್ ಕಂಪನಿಯ ಮೂಲಕ.

ನಿಯತಿವಾದಿ ಇಲ್ಲಿ ಎದ್ದು ಹೇಳಬಹುದು: ಅದಿರು ಇದ್ದಲ್ಲಿಗೆ ಉಕ್ಕು ಬಂದೇ ಬಂತಲ್ಲ? ಬಂತು, ನಿಜ. ಆದರೆ ಯಾರ ಒಡೆತನದಲ್ಲಿ, ಯಾರಿಗೆ ಕಾಯಂ ನೌಕರಿ, ಲಾಭ ಎಲ್ಲಿಗೆ, ಭೂಮಿ ಕಳೆದುಕೊಂಡವರ ಪಾಡೇನು, ಅವರ ದೂರು ಕೇಳುವವರಾರು? ಇವನ್ನು ಅದಿರು ತೀರ್ಮಾನಿಸಲಿಲ್ಲ. ತಂತ್ರಜ್ಞಾನ, ಸಂಪನ್ಮೂಲ, ಮಾರುಕಟ್ಟೆ ಒಂದು ಊರಿಗೆ ಏನು ಸಾಧ್ಯ ಎಂಬುದಕ್ಕೆ ಬೇಲಿ ಹಾಕುತ್ತವೆ. ಮಾರ್ಕ್ಸ್ ಬದುಕಿಡೀ ತಲೆಕೆಡಿಸಿಕೊಂಡ ಒಡೆತನದ ಪ್ರಶ್ನೆ ಆ ಬೇಲಿಯೊಳಗೆ ಬಿಡಿಸದೆ ಉಳಿದಿರುತ್ತದೆ. ಮನುಷ್ಯರು ಸೇರಿ, ಜಗಳವಾಡಿ, ಗೆದ್ದು ಸೋತು ಅದನ್ನು ಬಿಡಿಸುತ್ತಾರೆ.

ಬಿಡಿಸಿದ್ದೂ ಶಾಶ್ವತವಲ್ಲ. 2021ರ ಜನವರಿಯಲ್ಲಿ ಕೇಂದ್ರ ಸರ್ಕಾರ ವಿಶಾಖ ಉಕ್ಕಿನ ಪೂರ್ತಿ ಪಾಲನ್ನು ಮಾರಲು ತಾತ್ವಿಕ ಒಪ್ಪಿಗೆ ಕೊಟ್ಟಿತು. ಕಾರ್ಮಿಕರು ಕೂರ್ಮನ್ನಪಾಲೆಂನಲ್ಲಿ ಧರಣಿ ಕೂತರು. 2025ರ ಜನವರಿಯಲ್ಲಿ ಅದೇ ಕೇಂದ್ರ 11,440 ಕೋಟಿ ರೂಪಾಯಿ ನೆರವು ಘೋಷಿಸಿತು.

ಉಳಿಯುವ ತೊಡಕು

ವಿಶಾಖಪಟ್ಟಣದಲ್ಲೇ 1970ರ ಆರಂಭದಲ್ಲಿ, ಆ ಊರಿನ ಮಗ, ಕವಿ ಶ್ರೀಶ್ರೀ ಅವರ ಷಷ್ಟಿಪೂರ್ತಿ ಸಮಾರಂಭದ ಹೊತ್ತಿಗೆ ವಿದ್ಯಾರ್ಥಿಗಳು ಕರಪತ್ರ ಹಂಚಿ, ಲೇಖಕರೇ, ನೀವು ಯಾರ ಕಡೆ ಎಂದು ಸವಾಲು ಹಾಕಿದರು. ಅದೇ ವರ್ಷ ಜುಲೈನಲ್ಲಿ ಶ್ರೀಶ್ರೀ ಅಧ್ಯಕ್ಷತೆಯಲ್ಲಿ ವಿಪ್ಲವ ರಚಯಿತಲ ಸಂಘ, ಅಂದರೆ ಕ್ರಾಂತಿಕಾರಿ ಲೇಖಕರ ಸಂಘ, ಹುಟ್ಟಿತು. ಸಾಹಿತ್ಯ ಬರೀ ತಳಪಾಯದ ನೆರಳಾಗಿದ್ದರೆ ಆ ಸವಾಲಿಗೆ ಅರ್ಥವಿರಲಿಲ್ಲ. ಕಟ್ಟಾ ಮಾರ್ಕ್ಸ್‌ವಾದಿಗಳೂ ಹೋರಾಟಕ್ಕಿಳಿದಾಗ ನಿಯತಿವಾದವನ್ನು ಬದಿಗಿಡುತ್ತಾರೆ.

ಆದರೂ ಒಂದು ತೊಡಕು ಉಳಿಯುತ್ತದೆ, ಅದನ್ನು ಮುಚ್ಚಿಡಬಾರದು. ಎಂಗೆಲ್ಸ್ 1890ರಲ್ಲಿ ಜೋಸೆಫ್ ಬ್ಲಾಕ್‌ಗೆ ಬರೆದ ಪತ್ರದಲ್ಲಿ, ಆರ್ಥಿಕತೆಯೊಂದೇ ನಿರ್ಣಾಯಕ ಎಂದು ತಾನಾಗಲಿ ಮಾರ್ಕ್ಸ್ ಆಗಲಿ ಹೇಳಿಲ್ಲ, ಆದರೆ ಕಟ್ಟಕಡೆಗೆ ನಿರ್ಧರಿಸುವುದು ಅದೇ ಎಂದ. ಆ ಕಟ್ಟಕಡೆ ಯಾವಾಗ ಬರುತ್ತದೆ? ಯಾವ ಫಲಿತಾಂಶ ಬಂದರೂ ಅದಿನ್ನೂ ಬಂದಿಲ್ಲ ಎನ್ನಬಹುದು. ಸುಳ್ಳೆಂದು ತೋರಿಸಲು ದಾರಿಯೇ ಇಲ್ಲದ ಮಾತು ವಿಜ್ಞಾನವಾಗದು ಎಂಬ ಕಾರ್ಲ್ ಪಾಪರ್‌ನ ಆಕ್ಷೇಪಕ್ಕೆ ಈ ಜಾಗದಲ್ಲಿ ಮಾರ್ಕ್ಸ್‌ವಾದಿಗಳು ಕೊಟ್ಟ ಉತ್ತರ ನನಗೆ ಸಾಕೆನಿಸಿಲ್ಲ. ಭವಿಷ್ಯ ನುಡಿಯುವ ಶಾಸ್ತ್ರವಾಗಿ ಮಾರ್ಕ್ಸ್‌ವಾದ ಸೋತಿದೆ. 2019 ಮತ್ತು 2024ರ ಆಂಧ್ರ ವಿಧಾನಸಭೆಯಲ್ಲಿ ಎರಡೂ ಕಮ್ಯುನಿಸ್ಟ್ ಪಕ್ಷಗಳಿಗೆ ಒಂದು ಸ್ಥಾನವೂ ಇಲ್ಲ. ಆದರೆ ಕಾಲುವೆಯ ನೀರು ಯಾರ ಗದ್ದೆಗೆ ಹರಿಯಿತು, ಕುಲುಮೆ ಯಾರದ್ದಾಯಿತು ಎಂದು ಕೇಳಲು ಕಲಿಸಿದ್ದು ಅದೇ, ಆ ಕೇಳುವಿಕೆಗೆ ಅನಿವಾರ್ಯತೆಯ ಊರುಗೋಲು ಬೇಕಿಲ್ಲ.

ಮಾರ್ಕ್ಸ್‌ನನ್ನು ಓದಬೇಕೆನ್ನುವ ಎಳೆಯರು 1859ರ ಮುನ್ನುಡಿಯಿಂದ ಶುರುಮಾಡಬೇಡಿ. 1852ರ ಬೊನಪಾರ್ಟ್ ಪುಸ್ತಕ, ಜಸುಲಿಚ್‌ಗೆ ಬರೆದ ಪತ್ರ ಮತ್ತು ಅದರ ಕರಡುಗಳು, ಜೊತೆಗೆ ಅಂಬೇಡ್ಕರರ ‘ಜಾತಿ ವಿನಾಶ’ ಇವನ್ನು ಮೊದಲು ಓದಿ. ಆ ಮುನ್ನುಡಿಯನ್ನು ಆಮೇಲೆ ತೆರೆಯಿರಿ.